ಹೆಸರಿಗಿಂತ ಮೊದಲು ಸರ್ವೆ ನಂಬರ್: ಮನೆತನದ ಚರಿತ್ರೆಯನ್ನು ಹುಡುಕುವ ಬಗೆ

ತಾತ ತೀರಿಕೊಂಡ ವರ್ಷ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಇಳಿಸಿದಾಗ ಕಂದಾಯದ ರಸೀದಿಗಳು, ಎರಡು ಜಾತಕಗಳು ಮತ್ತು ನಾಲ್ಕಾಗಿ ಮಡಿಚಿಟ್ಟಿದ್ದ 1919ರ ಒಂದು ಕ್ರಯಪತ್ರ ಸಿಕ್ಕವು. ಎರಡು ಎಕರೆ ಚಿಲ್ಲರೆ ಖುಷ್ಕಿ ಜಮೀನನ್ನು ಕೊಂಡವರ ಜಾಗದಲ್ಲಿ ತಾತನ ಹೆಸರೂ ಅವರ ಅಣ್ಣನ ಹೆಸರೂ ಇದ್ದವು. ಇಬ್ಬರ ಹೆಸರಿಗೂ ‘ಮೈನರ್’ ಎಂದು ಸೇರಿಸಿ, ‘ಗಾರ್ಡಿಯನ್ ತಾಯಿ’ ಎಂದು ಮುಂದುವರಿಸಲಾಗಿತ್ತು. ಆ ತಾಯಿಯ ಹೆಸರಿರಬೇಕಾದ ಕಡೆಯಲ್ಲೇ ಕಾಗದದ ಮಡಿಕೆ ಹರಿದು, ಹುಳು ತಿಂದು, ಕೊನೆಯ ‘ಮ್ಮ’ ಮಾತ್ರ ಉಳಿದಿತ್ತು. ಮನೆಯ ಹಿರಿಯರನ್ನು ಕೇಳಿದರೆ ಮುತ್ತಜ್ಜಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು ಇಬ್ಬರು ಮಕ್ಕಳ ಹೆಸರಿನಲ್ಲಿ ಭೂಮಿ ಕೊಂಡಿದ್ದಳು, ಆ ಭೂಮಿಯ ರಾಗಿಯನ್ನು ಮೂರು ತಲೆಮಾರು ಉಂಡಿದ್ದೆವು, ಆದರೆ ಅವಳ ಹೆಸರು ನಮ್ಮಲ್ಲಿ ಉಳಿದಿರಲಿಲ್ಲ.

ಅದೇ ಪತ್ರ ಇನ್ನೊಂದು ನಂಬಿಕೆಯನ್ನೂ ಅಲುಗಾಡಿಸಿತು. ನಮ್ಮ ಮುತ್ತಾತ ಎಂಬತ್ತು ವರ್ಷ ಬಾಳಿದರೆಂದು ಮನೆಯಲ್ಲಿ ಹೇಳುತ್ತಿದ್ದರು. 1919ರಲ್ಲಿ ಮಕ್ಕಳಿಗೆ ತಾಯಿಯೇ ಪೋಷಕಿಯಾಗಿದ್ದಳೆಂದರೆ ಅಷ್ಟರೊಳಗೆ ಅವರು ತೀರಿಕೊಂಡಿರಬೇಕು, ಅದೂ ಚಿಕ್ಕ ವಯಸ್ಸಿನಲ್ಲಿ. ಹಾಗಾದರೆ ಎಂಬತ್ತು ವರ್ಷ ಬಾಳಿದವರು ಯಾರು? ಆಮೇಲೆ ತಿಳಿದದ್ದೇನೆಂದರೆ, ಅವರು ಮುತ್ತಾತನ ತಾತ. ಇಬ್ಬರದೂ ಒಂದೇ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿಯಿಂದ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ಮರಳುತ್ತದೆ, ಮತ್ತು ಕಾಲ ಕಳೆದಂತೆ ಇಬ್ಬರ ಬದುಕಿನ ಕಥೆಗಳು ಒಬ್ಬನ ಕಥೆಯಾಗಿ ಕೂಡಿಕೊಳ್ಳುತ್ತವೆ. ಕನ್ನಡ ನಾಡಿನಲ್ಲಿ ಮನೆತನದ ಚರಿತ್ರೆಯನ್ನು ಹುಡುಕಹೊರಟವರು ಎಡವುವ ಮೊದಲ ಜಾಗ ಇದೇ.

ಪರದೇಶಗಳ ಕೈಪಿಡಿಗಳು ಮೊದಲು ಹೆಸರನ್ನು ಹಿಡಿಯಿರಿ, ಆಮೇಲೆ ಹಳೆಯ ಜನಗಣತಿಯ ಹಾಳೆಗಳನ್ನು ನೋಡಿ ಎನ್ನುತ್ತವೆ. ಅಲ್ಲಿ ಅದು ಸರಿ. ಅಮೆರಿಕದಲ್ಲಿ 72 ವರ್ಷ ಕಳೆದ ಗಣತಿಯ ಮನೆಮನೆಯ ವಿವರಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಗಣತಿ 2022ರಲ್ಲಿ ಹಾಗೆ ತೆರೆಯಿತು. ನಮ್ಮಲ್ಲಿ 1948ರ ಜನಗಣತಿ ಕಾಯಿದೆಯ ಪ್ರಕಾರ ಒಬ್ಬೊಬ್ಬರ ವಿವರವೂ ಗೋಪ್ಯ. ಹೊರಗೆ ಬರುವುದು ಕೂಡಿಸಿದ ಅಂಕಿಗಳು ಮಾತ್ರ. ಮನೆತನದ ಹೆಸರು ಕೂಡ ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಪಾಟೀಲ, ಕುಲಕರ್ಣಿ, ದೇಸಾಯಿ, ಬಡಿಗೇರ ಎಂಬವು ಅಧಿಕಾರದ ಅಥವಾ ಕಸುಬಿನ ಹೆಸರುಗಳಾದ್ದರಿಂದ, ಒಂದೇ ಅಡ್ಡಹೆಸರಿನ ಎರಡು ಮನೆಗಳು ನೆಂಟರಾಗಿರಲೇಬೇಕೆಂದಿಲ್ಲ. ಹಳೇ ಮೈಸೂರಿನ ಕಡೆ ಹೆಚ್ಚಿನವರಿಗೆ ಅಡ್ಡಹೆಸರೇ ಇಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ, ಅವೂ ಪ್ರತಿ ತಲೆಮಾರಿಗೆ ಬದಲಾಗುತ್ತವೆ.

ಆದರೆ ನಮ್ಮ ನಾಡನ್ನು ಆಳಿದವರೆಲ್ಲ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿದ್ದರು. ಯಾರು ಹುಟ್ಟಿದರು, ಯಾರು ಸತ್ತರು ಎಂಬುದನ್ನು ಅಷ್ಟು ಸರಿಯಾಗಿ ಬರೆದಿಡದಿದ್ದರೂ, ಯಾವ ಹೊಲಕ್ಕೆ ಯಾರು ಕಂದಾಯ ಕಟ್ಟಬೇಕೆಂಬುದನ್ನು ತಪ್ಪದೆ ಬರೆದಿಟ್ಟರು. ಹಾಗಾಗಿ ಇಲ್ಲಿ ಹುಡುಕಾಟ ಮನುಷ್ಯನ ಹೆಸರಿನಿಂದಲ್ಲ, ಸರ್ವೆ ನಂಬರಿನಿಂದ ಶುರುವಾಗಬೇಕು. ಮೈಸೂರು ಸಂಸ್ಥಾನದಲ್ಲಿ 1860ರ ದಶಕದಲ್ಲಿ ಮೊದಲಾದ ರೆವಿನ್ಯೂ ಸರ್ವೆಯಲ್ಲಿ ಪ್ರತಿ ಹೊಲವನ್ನೂ ಅಳೆದು ನಂಬರು ಕೊಟ್ಟರು. ಮುಂದೆ ಹೊಲ ಅಣ್ಣತಮ್ಮಂದಿರ ನಡುವೆ ಹರಿದು ಹಂಚಿಹೋದರೂ ಮೂಲ ನಂಬರು ಹೆಚ್ಚಾಗಿ ಉಳಿದು, ಅದರ ಪಕ್ಕಕ್ಕೆ ಪಾಲುಗಳನ್ನು ಗುರುತಿಸುವ ಹಿಸ್ಸಾ ನಂಬರುಗಳು ಸೇರುತ್ತಾ ಹೋದವು. ಮನುಷ್ಯರ ಹೆಸರು ಮರಳಿ ಮರಳಿ ಬಂದು ಗೊಂದಲ ಹುಟ್ಟಿಸಿದರೆ, ಸರ್ವೆ ನಂಬರು ಇದ್ದಲ್ಲೇ ಇರುತ್ತದೆ.

ಪಹಣಿ ಎಂಬ ಇಂದಿನ ಜಮೀನಿನ ದಾಖಲೆಯ 9ನೆಯ ಕಾಲಂನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ, ಅದರ ಆಸುಪಾಸಿನಲ್ಲೇ ಎಂ.ಆರ್. ನಂಬರು ಎಂಬ ಮ್ಯುಟೇಶನ್ ಸಂಖ್ಯೆ ಇರುತ್ತದೆ. ನಿಜವಾದ ಎಳೆ ಅದೇ. ಜಮೀನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬಂದದ್ದು ಕ್ರಯದಿಂದಲೋ, ವಿಭಾಗದಿಂದಲೋ, ದಾನದಿಂದಲೋ, ಪೌತಿಯಿಂದಲೋ ಎಂಬುದನ್ನು ಮ್ಯುಟೇಶನ್ ಹೇಳುತ್ತದೆ. ‘ಪೌತಿ’ ಎಂಬ ಪದ ಕಂಡಲ್ಲಿ ನಿಲ್ಲಬೇಕು: ಖಾತೆದಾರ ಸತ್ತು ವಾರಸುದಾರರಿಗೆ ಖಾತೆ ಆಗಿದೆ ಎಂದು ಅದರ ಅರ್ಥ, ಅಂದರೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವ ಸೇತುವೆ ಅಲ್ಲಿದೆ. ಗಣಕೀಕೃತ ಪಹಣಿ ಬಂದದ್ದು 2000ದ ಆಸುಪಾಸಿನಲ್ಲಿ. ಅದಕ್ಕಿಂತ ಹಿಂದಿನದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಕೈಬರಹದ ಪಹಣಿ, ಅದರ ಹಿಂದಿನದಕ್ಕೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳು. ಕಚೇರಿಯಲ್ಲಿ ಇವನ್ನು ಐ.ಎಲ್., ಆರ್.ಆರ್. ಎಂದೇ ಕರೆಯುತ್ತಾರೆ. ಸರ್ವೆ ನಂಬರು ಮತ್ತು ಗ್ರಾಮದ ಹೆಸರು ಬರೆದು ನಕಲಿಗೆ ಅರ್ಜಿ ಕೊಟ್ಟರೆ ಸಿಗುತ್ತವೆ. ಒಂದೇ ಭೇಟಿಯಲ್ಲಿ ಸಿಗುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕು.

ಈ ಪತ್ರಗಳನ್ನು ಓದುವುದಕ್ಕೆ ನಾಲ್ಕಾರು ಪದಗಳನ್ನು ಕಲಿತುಕೊಂಡರೆ ಅರ್ಧ ಕೆಲಸ ಮುಗಿದಂತೆ. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಉರುಫ್’ ಎಂದರೆ ಕರೆಯುವ ಇನ್ನೊಂದು ಹೆಸರು. ಒಂದೇ ಸಾಲಿನಲ್ಲಿ ಎರಡು ಸಲ ‘ಬಿನ್’ ಬಂದರೆ ಮೂರು ತಲೆಮಾರು ಒಟ್ಟಿಗೆ ಸಿಕ್ಕಿತೆಂದು ಲೆಕ್ಕ. ಹೆಣ್ಣುಮಕ್ಕಳು ‘ಕೋಂ’ ಆಗಿ ಮಾತ್ರ ಕಾಣಿಸಿಕೊಳ್ಳುವುದರಿಂದ ಅವರ ತವರಿನ ಎಳೆ ಅಲ್ಲಿಗೆ ಕಡಿದುಹೋಗುತ್ತದೆ. ಅದನ್ನು ಬೇರೆಡೆಯಿಂದ ಹುಡುಕಬೇಕು. ಹಾಗೆ ಹುಡುಕಲು ನೆರವಾಗುವುದು, ಯಾರೂ ಓದದೆ ಬಿಡುವ ಭಾಗ: ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರ ಸ್ವತ್ತು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಗಾಡಿ ದಾರಿ ಎಂದು ಬರೆದ ನಾಲ್ಕು ಸಾಲುಗಳಲ್ಲಿ ಹೊಲದ ಮೇರೆಗಳ ಜೊತೆಗೆ ನೆಂಟಸ್ತನವೂ ಅಡಗಿರುತ್ತದೆ. ಅಕ್ಕಪಕ್ಕದ ಹಿಸ್ಸೆಗಳಲ್ಲಿರುವವರು ಬಹಳ ಸಲ ಒಬ್ಬನೇ ಅಜ್ಜನ ಮೊಮ್ಮಕ್ಕಳು. ನಮ್ಮ 1919ರ ಪತ್ರದಲ್ಲಿ ಪಶ್ಚಿಮದ ಹೊಲ ಮೂರು ಮೈಲಿ ಆಚೆಯ ಬೇರೊಂದು ಊರಿನವನದೆಂದು ಬರೆದಿತ್ತು, ಮತ್ತು ಅದೇ ಮನುಷ್ಯ ಪತ್ರಕ್ಕೆ ಸಾಕ್ಷಿ ಹಾಕಿದ್ದ. ಗಂಡನಿಲ್ಲದ ಹೆಂಗಸು ಜಮೀನು ಕೊಳ್ಳುವಾಗ ಬೇರೆ ಊರಿನಿಂದ ಬಂದು ಪಕ್ಕದಲ್ಲಿ ನಿಲ್ಲುವವನು ಯಾರಿರಬಹುದು? ಅವಳ ಅಣ್ಣನೋ ತಮ್ಮನೋ ಇರಬಹುದೆಂಬ ಊಹೆ ನನ್ನದು. ಊಹೆ ಎಂದೇ ಬರೆದಿಟ್ಟುಕೊಂಡಿದ್ದೇನೆ.

ಹರಿದ ಪತ್ರದ ಹೆಸರು ಕೊನೆಗೂ ಸಿಕ್ಕಿತು. ನೋಂದಣಿಯಾದ ಸ್ಥಿರಾಸ್ತಿಯ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ಒಂದನೆಯ ಪುಸ್ತಕವೆಂಬ ಸಂಪುಟದಲ್ಲಿ ಪೂರ್ತಿ ನಕಲು ಮಾಡಿಡುವ ಪದ್ಧತಿಯಿತ್ತು. ಮೂಲ ಹಾಳಾದರೂ ನಕಲು ಉಳಿದಿರಬಹುದೆಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಪತ್ರದ ಬೆನ್ನ ಮೇಲೆ ನೋಂದಣಿಯ ಸಂಖ್ಯೆ, ಸಂಪುಟ, ಪುಟ ಮತ್ತು ವರ್ಷವನ್ನು ಬರೆದು ಮೊಹರು ಹಾಕಿರುತ್ತಾರೆ. ಅಷ್ಟನ್ನು ಕೊಟ್ಟು ದೃಢೀಕೃತ ನಕಲು ಕೇಳಬಹುದು. ನಾಲ್ಕು ತಿಂಗಳ ಮೇಲೆ ನಕಲು ಕೈಗೆ ಬಂತು. ಅದರಲ್ಲಿದ್ದ ಹೆಸರು ನನ್ನ ದೊಡ್ಡ ಸೋದರತ್ತೆಯ ಹೆಸರೇ. ಮನೆಯಲ್ಲಿ ಬೇರಾರಿಗೂ ಇಲ್ಲದ, ಹಳೆಯ ಕಾಲದ ಆ ಹೆಸರನ್ನು ತನಗೇಕೆ ಇಟ್ಟರೆಂದು ಅತ್ತೆ ಜೀವನವಿಡೀ ಕೇಳುತ್ತಿದ್ದರು. ತಾತ ತನ್ನ ಮೊದಲ ಮಗಳಿಗೆ ತಾಯಿಯ ಹೆಸರಿಟ್ಟಿದ್ದರು. ಹೆಸರು ಅಷ್ಟು ಕಾಲವೂ ನಮ್ಮ ಮನೆಯಲ್ಲೇ ಓಡಾಡಿಕೊಂಡಿತ್ತು.

ಜಮೀನಿನ ದಾಖಲೆಗಳ ಜೊತೆಗೆ ನ್ಯಾಯಾಲಯದ ಕಡತಗಳನ್ನೂ ನೋಡಬೇಕು. ಪಾಲಿಗಾಗಿ ಹೂಡಿದ ದಾವೆಯಲ್ಲಿ ವಾದಿ ಪ್ರತಿವಾದಿಗಳ ಸಂಬಂಧವನ್ನು ತೋರಿಸುವ ವಂಶವೃಕ್ಷ ಇರುತ್ತದೆ, ಮತ್ತು ಎದುರು ಕಕ್ಷಿ ಅದನ್ನು ಸಾಲುಸಾಲಾಗಿ ಪ್ರಶ್ನಿಸಿರುತ್ತದೆ. ಹೀಗೆ ಒರೆಗೆ ಹಚ್ಚಿದ ವಂಶವೃಕ್ಷ ಬೇರೆಲ್ಲಿಯೂ ಸಿಗದು. ಅಜ್ಜಂದಿರು ಕೋರ್ಟು ಮೆಟ್ಟಿಲು ಹತ್ತಿದ್ದು ಮನೆಗೆ ಅವಮಾನವೆಂದು ಮುಚ್ಚಿಡುವವರು ಈ ದೃಷ್ಟಿಯಿಂದ ಅದನ್ನು ಒಮ್ಮೆ ನೋಡಬೇಕು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು ಮತ್ತು ಊರು ನಂಬಬಹುದಾದವು, ಹುಟ್ಟಿದ ದಿನಾಂಕವನ್ನು ಮಾತ್ರ ನಂಬಬಾರದು. ಜೂನ್ 1ರಂದು ಹುಟ್ಟಿದವರು ನಮ್ಮ ಪ್ರತಿಯೊಂದು ಊರಿನಲ್ಲೂ ಏಕೆ ಇಷ್ಟೊಂದು ಮಂದಿ ಎಂದರೆ, ಶಾಲೆ ಶುರುವಾಗುವ ತಿಂಗಳಿಗೆ ಸರಿಹೋಗುವಂತೆ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ಜನನ ಮರಣ ನೋಂದಣಿ ದೇಶಕ್ಕೆಲ್ಲ ಒಂದೇ ಕಾಯಿದೆಯಡಿ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ಹಳ್ಳಿಯ ಪಟೇಲರು ಬರೆದ ಪುಸ್ತಕಗಳು ಕೆಲವು ತಾಲ್ಲೂಕುಗಳಲ್ಲಿ ಉಳಿದಿವೆ.

ಕಾಲವನ್ನು ಲೆಕ್ಕ ಹಾಕುವುದು ಈ ಕೆಲಸದಲ್ಲಿ ಒಂದು ಪ್ರತ್ಯೇಕ ವಿದ್ಯೆ. ಹಳೆಯ ಕಂದಾಯದ ಕಾಗದಗಳಲ್ಲಿ ಫಸಲಿ ಎಂಬ ಕಂದಾಯದ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ. ಫಸಲಿ 1310 ಎಂದರೆ 1900–01. ಜಾತಕದಲ್ಲಿ ಶಾಲಿವಾಹನ ಶಕ ಇದ್ದರೆ 78 ಕೂಡಿಸಬೇಕು. ಬರೀ ಸಂವತ್ಸರದ ಹೆಸರಿದ್ದಾಗ ತುಸು ಕಷ್ಟ, ಏಕೆಂದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಮೊದಲನೆಯದಾದ ಪ್ರಭವ 1987ರ ಯುಗಾದಿಗೆ ಬಂತು. ಅದರ ಹಿಂದೆ 1927ರಲ್ಲಿ, ಅದಕ್ಕೂ ಹಿಂದೆ 1867ರಲ್ಲಿ. ಇದನ್ನೇ ಗುರುತಾಗಿ ಇಟ್ಟುಕೊಂಡು ಎಣಿಸಿದರೆ ಬೇಕಾದ ಸಂವತ್ಸರ ಯಾವ ಇಸವಿಗಳಲ್ಲಿ ಬೀಳುತ್ತದೆಂದು ತಿಳಿಯುತ್ತದೆ, ಆಮೇಲೆ ಮಾಸ, ತಿಥಿ, ವಾರ ಮೂರೂ ಕೂಡಿಬರುವ ಇಸವಿಯನ್ನು ಹಳೆಯ ಪಂಚಾಂಗದಿಂದ ಆರಿಸಬಹುದು. ಶ್ರಾದ್ಧದ ತಿಥಿ ನೆನಪಿರುವ ಮನೆಗಳಲ್ಲಿ ಸತ್ತ ದಿನ ಖಚಿತವಾಗಿರುತ್ತದೆ, ವರ್ಷ ಮರೆತಿರುತ್ತದೆ; ವರ್ಷವನ್ನು ಪೌತಿ ಖಾತೆಯಿಂದ ತಂದು ಎರಡನ್ನೂ ಜೋಡಿಸಬೇಕು.

ಹಿರಿಯರು ಇಸವಿ ಹೇಳದಿದ್ದರೂ ಬರ, ಬೇನೆ, ನೆರೆಗಳನ್ನು ಮರೆತಿರುವುದಿಲ್ಲ. ನಮ್ಮ ಮನೆಯವರು ‘ಧಾತು ಸಂವತ್ಸರದ ಬರದಲ್ಲಿ’ ಬಡಗಣ ಸೀಮೆಯಿಂದ ಬಂದವರೆಂದು ಅಜ್ಜಿ ಹೇಳುತ್ತಿದ್ದರು. ಪ್ರಭವದಿಂದ ಹತ್ತನೆಯದು ಧಾತು. 1867ರಿಂದ ಎಣಿಸಿದರೆ ಅದು 1876–77. ಮದರಾಸು, ಮೈಸೂರು, ಮುಂಬಯಿ, ಹೈದರಾಬಾದು ಸೀಮೆಗಳನ್ನೆಲ್ಲ ಹಿಂಡಿದ 1876–78ರ ಮಹಾಕ್ಷಾಮದ ವರ್ಷವದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದದ್ದು 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅಜ್ಜಿಯ ಒಂದು ಮಾತಿನ ಹಿಂದೆ ಅಷ್ಟು ಸಾವು ಇತ್ತು. ಹೀಗೆಯೇ ‘ಪ್ಲೇಗಿಗೆ ಊರು ಬಿಟ್ಟಾಗ ಹುಟ್ಟಿದವನು’ ಎಂದರೆ 1898ರಿಂದ ಮುಂದಿನ ಕೆಲವು ವರ್ಷಗಳು; ಮೈಸೂರು ಸೀಮೆಗೆ ಆ ರೋಗ 1898ರಲ್ಲಿ ಕಾಲಿಟ್ಟಿತು, ಜನ ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 1918ರ ಇನ್‌ಫ್ಲುಯೆಂಜಾ ಜ್ವರವನ್ನೂ ಹೀಗೆ ಗುರುತಿಸಬಹುದು. 1919ರ ಪತ್ರದಲ್ಲಿ ತಂದೆಯಿಲ್ಲದ ಇಬ್ಬರು ಮಕ್ಕಳನ್ನು ಕಂಡಾಗ ನನಗೆ ನೆನಪಾದದ್ದು ಆ ಜ್ವರವೇ, ಆದರೆ ಮುತ್ತಾತ ಅದರಿಂದಲೇ ಹೋದರೆಂದು ಹೇಳಲು ನನ್ನ ಬಳಿ ಪುರಾವೆಯಿಲ್ಲ.

ಯಾವ ದಾಖಲೆ ಎಲ್ಲಿದೆ ಎಂಬುದು ನಿಮ್ಮ ಊರು 1956ರ ನವೆಂಬರ್ 1ಕ್ಕೆ ಮೊದಲು ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ಅವಲಂಬಿಸಿದೆ. ಹಳೇ ಮೈಸೂರಿನ ಸರ್ಕಾರಿ ಕಡತಗಳು ಬೆಂಗಳೂರು ಮತ್ತು ಮೈಸೂರಿನ ಪತ್ರಾಗಾರಗಳಲ್ಲಿವೆ. ಧಾರವಾಡ, ಬೆಳಗಾವಿ, ವಿಜಯಪುರಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು; ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಆ ಭಾಗದ ಹಳೆಯ ಕಾಗದಗಳು ಮರಾಠಿಯಲ್ಲಿ, ಎಷ್ಟೋ ಸಲ ಮೋಡಿ ಎಂಬ ಮರಾಠಿಯ ಹಳೆಯ ಕೂಡುಬರಹದ ಲಿಪಿಯಲ್ಲಿ ಇರುತ್ತವೆ. ದಕ್ಷಿಣ ಕನ್ನಡ ಮದರಾಸಿಗೆ, ಬಳ್ಳಾರಿಯೂ 1953ರವರೆಗೆ ಮದರಾಸಿಗೆ. ಹಾಗಾಗಿ ಚೆನ್ನೈನ ಎಗ್ಮೋರಿನ ಪತ್ರಾಗಾರ. ಬೀದರ, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದು, ಭಾಷೆ ಉರ್ದು. ಭಾಷೆ ಬಾರದೆಂದು ಹೆದರಬೇಕಿಲ್ಲ. ಈ ಲಿಪಿಗಳನ್ನು ಓದುವ ಹಿರಿಯರು ಇನ್ನೂ ಇದ್ದಾರೆ, ಆದರೆ ಕಡಿಮೆಯಾಗುತ್ತಿದ್ದಾರೆ, ಅವರಿರುವಾಗಲೇ ಓದಿಸಿಕೊಳ್ಳಬೇಕು. ಶಾನುಭೋಗರ ಮನೆಗಳಲ್ಲಿ ಇನ್ನೂ ಹಳೆಯದಾದ ಕಡತಗಳೂ ಇದ್ದಾವು: ಹುಣಸೆಬೀಜದ ಅಂಬಲಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದವು. ಅವನ್ನು ಒದ್ದೆ ಕೈಯಲ್ಲಿ ಮುಟ್ಟಬಾರದು, ಉಜ್ಜಿ ಒರೆಸಲೂಬಾರದು. ಬಳಪದ ಅಕ್ಷರ ಅಳಿಸಿಹೋಗುತ್ತದೆ.

ವಂಶವೃಕ್ಷವೆಂದರೆ ತಂದೆಯಿಂದ ಮಗನಿಗೆ ಇಳಿಯುವ ಗೆರೆ ಎಂದು ತಿಳಿದುಕೊಂಡರೆ ಕರಾವಳಿಯಲ್ಲಿ ದಾರಿ ತಪ್ಪುತ್ತದೆ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನದ ಕಟ್ಟಿನಂತೆ ಕುಟುಂಬ ಸಾಗುತ್ತಿದ್ದದ್ದು ತಾಯಿಯಿಂದ ಮಗಳಿಗೆ. ಆಸ್ತಿಯ ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಬರುತ್ತಿತ್ತು. ‘ಬಳಿ’ ಎಂಬ ಕುಲದ ಹೆಸರು ತಾಯಿಯ ಕಡೆಯದು. ಹಳೆಯ ಪತ್ರದಲ್ಲಿ ಯಜಮಾನನ ನಂತರ ಬಂದವನನ್ನು ಮಗನೆಂದು ಬರೆದುಕೊಂಡರೆ ಇಡೀ ಮರವೇ ತಪ್ಪಾಗುತ್ತದೆ. ಅಲ್ಲಿ ಹುಡುಕಾಟಕ್ಕೆ ಕುಟುಂಬದ ಮೂಲ ಮನೆಯಾದ ತರವಾಡು ಮನೆ ಮತ್ತು ಕುಟುಂಬದವರು ನಾಗನನ್ನು ಪೂಜಿಸುವ ನಾಗಮೂಲವೇ ಆಧಾರ, ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ, ಮೂಲ ಮನೆಯಾದ ಐನ್‌ಮನೆ ಆಧಾರವಾಗಿರುವಂತೆ.

ಒಳನಾಡಿನಲ್ಲಿ ಇನ್ನೊಂದು ತೊಡಕಿದೆ, ಅದು ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಮದುವೆ. ಅಂಥ ದಂಪತಿಯ ಮಗುವಿಗೆ ತಂದೆಯ ತಂದೆತಾಯಿ ಯಾರೋ, ತಾಯಿಯ ತಾಯಿಗೂ ತಂದೆತಾಯಿ ಅವರೇ. ಅಂದರೆ ಒಬ್ಬನೇ ಮನುಷ್ಯ ಆ ಮಗುವಿಗೆ ತಾತನೂ ಹೌದು, ಮುತ್ತಾತನೂ ಹೌದು. ತಾತ ಅಜ್ಜಿಯರು ನಾಲ್ವರು, ಅವರ ಹಿಂದಿನವರು ಎಂಟು ಜನ, ಒಟ್ಟು ಹನ್ನೆರಡು ಎಂಬ ಲೆಕ್ಕ ಇಲ್ಲಿ ಹತ್ತಕ್ಕೆ ಇಳಿಯುತ್ತದೆ. ಕೊಂಬೆ ಕವಲೊಡೆಯುವ ಮರದ ಚಿತ್ರದಲ್ಲಿ ಇದು ಕೂರುವುದಿಲ್ಲ. ಕಂಪ್ಯೂಟರಿನ ತಂತ್ರಾಂಶಗಳು ಇದನ್ನು ತಪ್ಪೆಂದು ತೋರಿಸಿದರೂ ಗಾಬರಿಯಾಗದೆ ಒಬ್ಬರನ್ನೇ ಎರಡು ಕಡೆಗೂ ಜೋಡಿಸಬೇಕು. ಡಿಎನ್ಎ ಪರೀಕ್ಷೆಯ ಫಲಿತಾಂಶವನ್ನು ಓದುವಾಗಲೂ ಇದು ನೆನಪಿರಲಿ. ಒಂದೇ ಜಾತಿಯೊಳಗೆ, ಒಂದೇ ಸೀಮೆಯೊಳಗೆ ತಲೆಮಾರುಗಳ ಕಾಲ ಕೊಟ್ಟು ತಂದವರಲ್ಲಿ ಒಬ್ಬರಿಗೊಬ್ಬರು ಹಂಚಿಕೊಂಡ ಡಿಎನ್ಎಯ ಅಂಶ ಹೆಚ್ಚಾಗಿಯೇ ಇರುತ್ತದೆ, ಆದ್ದರಿಂದ ದೂರದ ಬಳಗದವರು ಹತ್ತಿರದ ದಾಯಾದಿಗಳಂತೆ ಕಾಣಿಸುತ್ತಾರೆ. ಪರೀಕ್ಷೆ ಬಂಧುತ್ವ ಇದೆಯೆಂದು ಹೇಳೀತು, ಯಾವ ಊರಿನ ಯಾವ ಮನೆಯಿಂದ ಎಂದು ಹೇಳದು.

ಇಷ್ಟು ಹೊತ್ತು ಹೇಳಿದ್ದೆಲ್ಲ ಭೂಮಿ ಇದ್ದವರ ಮಾತು. ಭೂಮಿಯೇ ಇಲ್ಲದವರ ಅಜ್ಜ ಅಜ್ಜಿಯರು ಯಾವ ಪುಸ್ತಕದಲ್ಲಿದ್ದಾರೆ? ಈ ಪ್ರಶ್ನೆಯನ್ನು ಬದಿಗಿಟ್ಟು ಮನೆತನದ ಚರಿತ್ರೆಯ ಬಗ್ಗೆ ಬರೆಯುವುದು ಅನ್ಯಾಯ, ಏಕೆಂದರೆ ಆ ಅಜ್ಜ ಅಜ್ಜಿಯರೇ ಬೇರೆಯವರ ಪಹಣಿಯ ಹೊಲಗಳನ್ನು ಉತ್ತು ಬಿತ್ತಿದವರು. ಹುಡುಕಿದರೆ ಕೆಲವು ದಾರಿಗಳಿವೆ. 1974ರಲ್ಲಿ ತಿದ್ದುಪಡಿಯಾದ ಭೂ ಸುಧಾರಣೆ ಕಾಯಿದೆಯಡಿ ಗೇಣಿದಾರರು ಸಲ್ಲಿಸಿದ 7ನೆಯ ನಮೂನೆಯ ಅರ್ಜಿಗಳು ಭೂ ನ್ಯಾಯ ಮಂಡಳಿಯ ಕಡತಗಳಲ್ಲಿವೆ. ಎಂದಿನಿಂದ ಉಳುತ್ತಿದ್ದೇವೆ, ನಮ್ಮಪ್ಪ ಯಾರಿಂದ ಗೇಣಿಗೆ ಹಿಡಿದ, ಎಷ್ಟು ಪಲ್ಲ ಗೇಣಿ ಅಳೆಯುತ್ತಿದ್ದೆವು ಎಂದು ಅಕ್ಷರ ಬಾರದ ರೈತ ಮಂಡಳಿಯ ಎದುರು ನಿಂತು ಹೇಳಿದ ಮಾತು ಹೇಳಿಕೆಯಾಗಿ ಅಲ್ಲಿ ಉಳಿದಿದೆ, ಕೆಳಗೆ ಅವನ ಹೆಬ್ಬೆಟ್ಟಿನ ಗುರುತಿದೆ. ನಾನು ನೋಡಿದ ಕಾಗದಗಳಲ್ಲೆಲ್ಲ ಮನಸ್ಸಿಗೆ ಅತ್ಯಂತ ಹತ್ತಿರವಾದವು ಇವೇ. ತೋಟಿ, ತಳವಾರ, ನೀರಗಂಟಿ ಕೆಲಸ ಮಾಡಿದ ಮನೆತನಗಳಿಗೆ ಚಾಕರಿಯ ಇನಾಮು ಜಮೀನು ಇರುತ್ತಿತ್ತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯ ನಂತರ ಅವುಗಳ ಮರುಮಂಜೂರಾತಿಗೆ ಅರ್ಜಿ ಹಾಕಿದಾಗ ವಂಶಾವಳಿ ಒದಗಿಸಬೇಕಾಗಿತ್ತು. ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ, ಜಮೀನು ಸಿಕ್ಕವರ ಸಾಗುವಳಿ ಚೀಟಿಗಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ನಿಷೇಧಿಸಿದ 1978ರ ಕಾಯಿದೆಯಡಿಯ ಪ್ರಕರಣಗಳು, 1976ರಲ್ಲಿ ಜೀತ ರದ್ದಾದ ಮೇಲೆ ಕೊಟ್ಟ ಬಿಡುಗಡೆ ಪತ್ರಗಳು, ಇವೂ ಇವೆ. ಮದರಾಸು ಬಂದರಿನಿಂದ ಕರಾರಿನ ಕೂಲಿಗಳಾಗಿ ಹಡಗು ಹತ್ತಿದವರಲ್ಲಿ ಮೈಸೂರು ಸೀಮೆಯವರೂ ಇದ್ದರು. ದಕ್ಷಿಣ ಆಫ್ರಿಕದ ನಟಾಲಿಗೆ ಹೋದ ಹಡಗುಗಳ ಪಟ್ಟಿಯಲ್ಲಿ ಪ್ರತಿಯೊಬ್ಬರ ತಂದೆಯ ಹೆಸರು, ಊರು, ಜಾತಿ, ವಯಸ್ಸುಗಳನ್ನು ಬರೆದುಕೊಂಡಿದ್ದಾರೆ. ಊರಲ್ಲಿ ‘ಎಲ್ಲೋ ಹೋದ, ಮರಳಲಿಲ್ಲ’ ಎಂದು ನಿಂತುಹೋದ ಮಾತು ಆ ಪಟ್ಟಿಯಲ್ಲಿ ಮುಂದುವರಿಯಬಹುದು.

ಅಣೆಕಟ್ಟುಗಳ ಹಿನ್ನೀರಿನಲ್ಲಿ ಊರನ್ನೇ ಕಳೆದುಕೊಂಡವರದು ಬೇರೆಯೇ ಪಾಡು. ಕನ್ನಂಬಾಡಿ, ತುಂಗಭದ್ರಾ, ಲಿಂಗನಮಕ್ಕಿ, ಆಲಮಟ್ಟಿ ಜಲಾಶಯಗಳಲ್ಲಿ ಮುಳುಗಿದ ಹಳ್ಳಿಗಳ ಸರ್ವೆ ನಂಬರುಗಳು ಭೂಸ್ವಾಧೀನದ ಕಡತ ಮತ್ತು ಪರಿಹಾರದ ಪಟ್ಟಿಗಳಲ್ಲಿ ಸಿಗುತ್ತವೆ. ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬೇಕು.

ಕಾಗದದ ಆಚೆಗೂ ನಮ್ಮಲ್ಲಿ ಒಂದು ದೊಡ್ಡ ಸಂಪತ್ತಿದೆ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತಾ, ಕೆಲವು ವರ್ಷಗಳಿಗೊಮ್ಮೆ ಸುಗ್ಗಿಯ ಮೇಲೆ ಮನೆ ಬಾಗಿಲಿಗೆ ಬಂದು ಆ ಮನೆತನದ ವಂಶಾವಳಿಯನ್ನು ಹಾಡಿನ ಧಾಟಿಯಲ್ಲಿ ಒಪ್ಪಿಸುವ ಹೆಳವರು ಮಧ್ಯ ಮತ್ತು ಉತ್ತರ ಕರ್ನಾಟಕದ ಲಿಂಗಾಯತ, ಕುರುಬ, ಒಕ್ಕಲಿಗ ಮೊದಲಾದ ಮನೆಗಳ ಚರಿತ್ರೆಯನ್ನು ತಲೆತಲಾಂತರದಿಂದ ಹೊತ್ತು ತಂದಿದ್ದಾರೆ. ಯಾವ ಹೆಳವರಿಗೆ ಯಾವ ಊರುಗಳು ಎಂಬ ಹಂಚಿಕೆಯೂ ಅವರಲ್ಲುಂಟು. ಮೂಲಪುರುಷ ಯಾರು, ಯಾವ ಊರಿನಿಂದ ಎದ್ದು ಬಂದರು, ಎಲ್ಲೆಲ್ಲಿ ಕವಲಾದರು, ಮನೆದೇವರು ಯಾವುದು, ಬೆಡಗು ಎಂಬ ಕುಲದ ಹೆಸರು ಯಾವುದು ಎಂಬುದನ್ನೆಲ್ಲ ಹೇಳಿ, ಕಳೆದ ಸಲ ಬಂದಾಗಿನಿಂದ ಹುಟ್ಟಿದವರ ಹೆಸರನ್ನು ಕೇಳಿ ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ಹಣ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಇವರ ಮಾತನ್ನು ಹೇಗೆ ತೂಗಬೇಕೆಂದರೆ, ಈಚಿನ ನಾಲ್ಕೈದು ತಲೆಮಾರಿನ ಹೆಸರುಗಳು ಮತ್ತು ವಲಸೆಯ ದಾರಿಗಳು ನಂಬಲು ಯೋಗ್ಯ. ಅದರ ಹಿಂದಿನದು ಪುರಾಣದ ಕಡೆಗೆ ವಾಲುತ್ತದೆ, ಹೊಗಳಿಕೆ ಸೇರುತ್ತದೆ. ಹೆಣ್ಣುಮಕ್ಕಳ ಹೆಸರು ಬಹುಮಟ್ಟಿಗೆ ಇರುವುದಿಲ್ಲ. ಹಾಗಿದ್ದರೂ ನಮ್ಮ ಮನೆಯವರು ಹೊರಟುಬಂದ ಊರಿನ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ಹೆಳವರ ಬಾಯಿಂದಲೇ, ಕಚೇರಿಯ ಯಾವ ಪುಸ್ತಕದಿಂದಲೂ ಅಲ್ಲ. ಅವರು ಬಂದಾಗ ಚಿಲ್ಲರೆ ಕೊಟ್ಟು ಕಳಿಸದೆ ಜಗುಲಿಯಲ್ಲಿ ಕೂರಿಸಿ, ಅನುಮತಿ ಕೇಳಿ, ಧ್ವನಿಮುದ್ರಣ ಮಾಡಿಕೊಳ್ಳಿ. ಅವರ ಶ್ರಮಕ್ಕೆ ತಕ್ಕ ಸಂಭಾವನೆ ಕೊಡಿ.

ಮನೆದೇವರೂ ಒಂದು ದಾಖಲೆಯೇ. ವಾಸವಿರುವ ಊರಿಗೂ ಮನೆದೇವರ ಕ್ಷೇತ್ರಕ್ಕೂ ನಡುವೆ ನೂರಿನ್ನೂರು ಮೈಲಿ ಅಂತರವಿದ್ದರೆ ಅಲ್ಲೊಂದು ವಲಸೆಯ ಕಥೆ ಇದೆಯೇ ಎಂದು ನೋಡಬೇಕು, ಅದರಲ್ಲೂ ದೇವರು ಹೆಚ್ಚು ಹೆಸರಾಗದ, ಒಂದೇ ಹಳ್ಳಿಯ ದೇವರಾಗಿದ್ದರೆ. ಗಯಾ, ಪ್ರಯಾಗ, ಹರಿದ್ವಾರ, ತ್ರ್ಯಂಬಕೇಶ್ವರಗಳ ಪಂಡಾಗಳ ಬಳಿ ಯಾತ್ರಿಕರ ಪುಸ್ತಕಗಳಿವೆ. ಯಾತ್ರೆ ಮಾಡಿದ ಪೂರ್ವಿಕರಿದ್ದರೆ ಅವರ ಕೈಬರಹವೇ ಸಿಕ್ಕರೂ ಸಿಕ್ಕೀತು. ಕ್ರೈಸ್ತ ಮನೆತನಗಳಿಗೆ ಚರ್ಚಿನ ದೀಕ್ಷಾಸ್ನಾನ, ಮದುವೆ, ಮರಣಗಳ ಪುಸ್ತಕಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜೋಪಾನವಾಗಿವೆ.

ಹಿರಿಯರೊಂದಿಗೆ ಮಾತಾಡುವಾಗ ‘ಯಾವ ಇಸವಿ’ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ನಿಮ್ಮ ಮದುವೆಗೆ ಮೊದಲೋ ಆಮೇಲೋ’, ‘ಆಗ ಮನೆಯಲ್ಲಿ ಯಾರು ಅಡುಗೆ ಮಾಡುತ್ತಿದ್ದರು’, ‘ಬಾಣಂತನಕ್ಕೆ ಯಾರು ಬಂದಿದ್ದರು’ ಎಂದು ಕೇಳಿದರೆ ಹರಿಯುತ್ತದೆ. ಹೆಣ್ಣುಮಕ್ಕಳನ್ನು ಅಡುಗೆಮನೆಯಲ್ಲೋ ಹಿತ್ತಿಲಲ್ಲೋ, ಗಂಡಸರು ಇಲ್ಲದಾಗ ಮಾತಾಡಿಸಬೇಕು. ಕಾಗದದಲ್ಲಿ ‘ಕೋಂ’ ಎಂದು ಕಡಿದುಹೋದ ತವರಿನ ಎಳೆಗಳೆಲ್ಲ ಅವರ ನೆನಪಿನಲ್ಲಿವೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಯಾರ ಯಾರ ಹೆಸರು ಹೇಳುತ್ತಾರೆಂದು ಕಿವಿಗೊಟ್ಟು ಬರೆದುಕೊಳ್ಳಿ. ಹಾಗೆ ಕೇಳುತ್ತಾ ಹೋದಾಗ ದತ್ತು, ಎರಡನೆಯ ಸಂಸಾರ, ಬಿಟ್ಟುಹೋದ ಹೆಂಡತಿ, ಜಾತಿಯಿಂದ ಹೊರಹಾಕಿದ ಮಗಳು ಎದುರಾಗುವುದು ಖಂಡಿತ. ಬದುಕಿರುವವರಿಗೆ ನೋವಾಗುವುದಾದರೆ ಅದನ್ನು ಬರೆದು ಮುಚ್ಚಿಡಬಹುದು, ಎಲ್ಲರಿಗೂ ಹಂಚಬೇಕಿಲ್ಲ. ಆದರೆ ಇದ್ದವರನ್ನು ಇರಲಿಲ್ಲವೆಂದು ಬರೆಯಬಾರದು. ವೀರಗಲ್ಲಿನ ವೀರನನ್ನೋ ಪಾಳೆಯಗಾರನನ್ನೋ ತಂದು ಮೂಲಪುರುಷನ ಜಾಗದಲ್ಲಿ ಕೂರಿಸುವ ಆಸೆಯನ್ನೂ ಬಿಡಬೇಕು. ಆ ಶಾಸನ ನಿಮ್ಮ ಊರಿನದು ನಿಜ, ನಿಮ್ಮ ಮನೆಯದೆಂದು ಅದು ಹೇಳುವುದಿಲ್ಲ.

ಕೊನೆಯದಾಗಿ, ಬರೆದಿಡುವ ಕ್ರಮ. ಪ್ರತಿ ಹೆಸರಿನ ಎದುರಿಗೂ ಅದು ಎಲ್ಲಿಂದ ಬಂತೆಂದು ಬರೆಯಿರಿ: ಯಾರು ಹೇಳಿದರು, ಯಾವ ದಿನ ಹೇಳಿದರು, ಯಾವ ಪತ್ರದ ಯಾವ ಪುಟ. ಹೇಳಿಕೆ, ಕಾಗದ, ಊಹೆ ಈ ಮೂರಕ್ಕೆ ಮೂರು ಬಣ್ಣದ ಶಾಯಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮುತ್ತಜ್ಜಿಯ ಸಾಲಿನಲ್ಲಿ ನಾನು ಹೆಸರನ್ನು ನೀಲಿ ಶಾಯಿಯಲ್ಲಿ ಬರೆದಿದ್ದೇನೆ, ಉಪನೋಂದಣಿ ಕಚೇರಿಯ ನಕಲಿನ ಸಂಪುಟ ಮತ್ತು ಪುಟದ ಸಂಖ್ಯೆಯೊಂದಿಗೆ. ತವರು ಎಂಬಲ್ಲಿ ಚಕ್ಕುಬಂದಿಯ ಪಶ್ಚಿಮಕ್ಕಿದ್ದವನ ಊರನ್ನು ಕೆಂಪು ಶಾಯಿಯಲ್ಲಿ ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದೇನೆ. ಆ ಊರಿನ ಆರ್.ಆರ್. ಪುಸ್ತಕದ ನಕಲಿಗೆ ಹೋದ ತಿಂಗಳು ಅರ್ಜಿ ಕೊಟ್ಟು ಬಂದಿದ್ದೇನೆ.